ಮಗಳು ಸಾಲಿಗೆ ಹೋದಾಗ ಮಾರಿದ ಎತ್ತು

ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಆಪ್ತಸಲಹೆಗೆ ನನ್ನ ಹತ್ತಿರ ಬರುವವರ ಬಾಯಲ್ಲಿ ಈ ಕಥೆ ಎಷ್ಟು ಸಲ ಕೇಳಿದ್ದೇನೋ. ಒಮ್ಮೆ ಟಗರು, ಒಮ್ಮೆ ಎಮ್ಮೆ ಕರು, ಒಮ್ಮೆ ನಾಯಿಮರಿ. ಮಕ್ಕಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಸಾಗಹಾಕುತ್ತಾರೆ. "ಎರಡು ದಿನ ಅಳ್ತಾವ್ರಿ, ಆಮ್ಯಾಲೆ ಮರೀತಾವ" ಅನ್ನುತ್ತಾರೆ. ಎಲ್ಲ ಮಕ್ಕಳೂ ಮರೆಯುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ ಹದಿಮೂರು. ಊರು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. 2023ರ ಬರ ನೆನಪಿದೆ ಅಲ್ವಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ. ಇವರ ಬಣವೆ ಕರಗಿತು. ಕಣಿಕೆ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪ ಜೋಡೆತ್ತು ಮಾರಿದರು. ಅದರಲ್ಲಿ ಒಂದು ಮನೆಯಲ್ಲೇ ಹುಟ್ಟಿದ್ದು, ಹುಡುಗಿಯ ಜೊತೆಗೇ ಬೆಳೆದದ್ದು. ಸಂಜೆ ಅವಳು ಬಂದು ನೋಡಿದರೆ ಗೋದಲಿ ಖಾಲಿ.

ಅವಳಿಗೆ ಫೋಟೋ ತೆಗೆಯುವ ಹುಚ್ಚು. ಅಣ್ಣ ಬಿಟ್ಟ, ಗಾಜು ಒಡೆದ ಹಳೆ ಫೋನು. ಅದರಲ್ಲೇ ಎತ್ತು, ಕೋಳಿ, ಬೇಲಿ ಮೇಲಿನ ಹಕ್ಕಿ ಎಲ್ಲ ತೆಗೆಯುತ್ತಿದ್ದಳು. ಎತ್ತು ಹೋದ ಮೇಲೆ ಅಪ್ಪ ಅದರ ಫೋಟೋಗಳನ್ನೂ ಅಳಿಸಿಬಿಟ್ಟರು. ನೋಡಿದರೆ ಮತ್ತೆ ಅಳುತ್ತಾಳೆ ಎಂದು. ಮರುವಾರದಿಂದ ಅವಳು ಶಾಲೆಗೆ ಹೋಗಲಿಲ್ಲ. ಅಮ್ಮ ದೃಷ್ಟಿ ತೆಗೆದರು. ಅಪ್ಪ ಬೈದರು, ಒಂದು ಸಲ ಹೊಡೆದದ್ದೂ ಉಂಟು. ಕೊನೆಗೆ ಶಿಕ್ಷಕಿಯೊಬ್ಬರು ನನ್ನ ಹತ್ತಿರ ಕಳಿಸಿದರು.

ಮೊದಲ ಎರಡು ಭೇಟಿಯಲ್ಲಿ ಮಾತು ಜಾಸ್ತಿ ಆಗಲಿಲ್ಲ. ಮೂರನೆಯದರಲ್ಲಿ ಅಪ್ಪನನ್ನೂ ಕೂರಿಸಿಕೊಂಡೆ. "ಎತ್ತು ಮಾರಿದ್ದಕ್ಕೆ ಸಿಟ್ಟಾ ತಾಯಿ?" ಎಂದು ಕೇಳಿದೆ. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಮೇವಿಲ್ಲಂತ ನನಗೂ ಗೊತ್ತೈತ್ರಿ. ನಾ ಸಾಲಿಗೆ ಹೋದ್ರ ಮನ್ಯಾಗ ಏನರ ಹೋಗ್ತೈತಿ" ಅಂದಳು.

ಅಪ್ಪ ಅವಳ ಕಡೆ ತಿರುಗಿದರು. ಶಾಲೆ ತಪ್ಪಿಸುವುದು ಸೋಮಾರಿತನ ಎಂದುಕೊಂಡಿದ್ದರು ಅವರು. ಆ ಹುಡುಗಿ ಮನೆ ಕಾಯುತ್ತಿದ್ದಳು!

ಬಹಳಷ್ಟು ಫೋನುಗಳಲ್ಲಿ ಅಳಿಸಿದ ಫೋಟೋ 30 ದಿನ ಕಸದಬುಟ್ಟಿಯಲ್ಲಿ ಇರುತ್ತದೆ. ಅಂದಿಗೆ ಇನ್ನೂ ನಾಲ್ಕು ದಿನ ಉಳಿದಿತ್ತು. ಅಪ್ಪನ ಒಪ್ಪಿಗೆ ಕೇಳಿ, ಮೂವರೂ ಕೂತು ಆ ಫೋಟೋಗಳನ್ನು ವಾಪಸ್ ತೆಗೆದೆವು. ಒಂದರಲ್ಲೂ ಪೂರ್ತಿ ಎತ್ತಿಲ್ಲ. ಒಂದರಲ್ಲಿ ಕಣ್ಣು, ಒಂದರಲ್ಲಿ ಗೊರಸು, ಒಂದರಲ್ಲಿ ಹೆಗಲಿನ ಮೇಲೆ ನೊಗ ಉಜ್ಜಿದ ಜಡ್ಡು. ಕಾರಹುಣ್ಣಿಮೆಯ ದಿನ ಬಣ್ಣ ಬಳಿದ ಕೋಡಿನ ತುದಿ. ನಾನು ಸುಮ್ಮನಿದ್ದೆ. ಮಾತಾಡಿದವರು ಅಪ್ಪ. ಈ ಜಡ್ಡು ಯಾವ ಹೊಲದ್ದು, ಈ ಕೋಡು ಯಾವ ಬಂಡಿಗೆ ಬಡಿದು ಮುಕ್ಕಾಯಿತು, ಹುಟ್ಟಿದ ರಾತ್ರಿ ಅದನ್ನು ಹೇಗೆ ಕೈಹಾಕಿ ಎಳೆದೆ... ಅರ್ಧ ಗಂಟೆ ಹೇಳಿದರು. ಆಮೇಲೆ ಒಂದು ಮಾತು ಅಂದರು: "ಅಕಿ ಎದುರಿಗಿದ್ದಿದ್ರ ಹಗ್ಗ ಬಿಚ್ಚಾಕ ನನ್ನ ಕೈಲೆ ಆಗ್ತಿದ್ದಿಲ್ರಿ ಮೇಡಂ."

ಮಗಳ ಅಳು ತಪ್ಪಿಸಲು ಮುಚ್ಚಿಟ್ಟೆ ಎಂದು ಅಲ್ಲಿಯವರೆಗೂ ಹೇಳುತ್ತಿದ್ದರು. ತಾನು ಅಳುವುದನ್ನು ತಪ್ಪಿಸಿಕೊಂಡಿದ್ದರು. ಇದರಲ್ಲಿ ಅವರನ್ನು ನಾನು ದೂರುವುದಿಲ್ಲ. ಎತ್ತು ಹೋದರೆ ಊರಲ್ಲಿ ಯಾರೂ ಮಾತಾಡಿಸಲು ಬರುವುದಿಲ್ಲ, ಗಂಡಸು ಅತ್ತರೆ ನಗುತ್ತಾರೆ. ಸುತ್ತಲಿನವರು ದುಃಖ ಎಂದೇ ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಆ ಮನೆಯಲ್ಲಿ ಅಂಥ ದುಃಖದವರು ಇಬ್ಬರಿದ್ದರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ.

ನಾನು ಕೊಟ್ಟ ಸಲಹೆ ಸಣ್ಣದು. ಇನ್ನು ಮುಂದೆ ಯಾವ ಜೀವ ಮನೆ ಬಿಟ್ಟರೂ ಮಗಳಿಗೆ ಹಿಂದಿನ ದಿನವೇ ಹೇಳಿ. ಕೊನೆಯ ಸಲ ಮೇವು ಹಾಕುವುದು ಅವಳೇ ಆಗಲಿ. ಎಲ್ಲಿ ಹೋಯಿತು ಎಂದು ಕೇಳಿದರೆ ಗೊತ್ತಿದ್ದಷ್ಟು ಹೇಳಿ. ಅಪ್ಪ "ಮಳಿ ಬಂದ ಮ್ಯಾಲ ಅದನ್ನ ತರ್ತೀನಿ ಅಂತ ಹೇಳ್ಲೇನ್ರಿ?" ಅಂದರು. ಬೇಡ ಅಂದೆ. ಅವಳು ಆ ಮಾತನ್ನು ನಂಬಿ ಪ್ರತಿ ದಿನ ಹಾದಿ ನೋಡುತ್ತಾಳೆ. ಕೊಂಡವರು ಸಿಂಧನೂರು ಕಡೆಯವರು, ಉಳುಮೆಗೆ ಒಯ್ದರು, ಆಮೇಲಿನದು ಗೊತ್ತಿಲ್ಲ. ಅಷ್ಟನ್ನೇ ಅಲ್ಲೇ ಹೇಳಿಸಿದೆ. ನಾಲ್ಕು ಫೋಟೋ ಪ್ರಿಂಟ್ ಹಾಕಿಸಿ ಎಂದೂ ಹೇಳಿದೆ.

ಈ ಸಲಹೆಯನ್ನು ಕೇಳಿದ ಕೆಲವರು ನನ್ನ ಮೇಲೆ ರೇಗಿದ್ದಾರೆ. ಸಾಲ ತೀರಿಸಲು ಎತ್ತು ಮಾರುವವನು ಮಗುವಿನ ಅಪ್ಪಣೆ ಕೇಳಬೇಕಾ ಎಂದು. ಇಲ್ಲ, ಕೇಳಬೇಕಿಲ್ಲ. ಮಾರುವ ನಿರ್ಧಾರ ಹಿರಿಯರದ್ದೇ. ತಿಳಿಸುವುದು ಬೇರೆ, ಅಪ್ಪಣೆ ಕೇಳುವುದು ಬೇರೆ. ಬರದ ಕಷ್ಟ ಗೊತ್ತಿರುವ ಮಗುವಿಗೆ ಬರದ ಲೆಕ್ಕವೂ ಅರ್ಥವಾಗುತ್ತದೆ. ಮನೆಯವರು ತನ್ನ ಬೆನ್ನ ಹಿಂದೆ ಮಾಡಿದ್ದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಹಾಗೆಂದು ಮಕ್ಕಳ ಎಲ್ಲ ದುಃಖವೂ ಮಾತಿನಲ್ಲಿ ಇಳಿಯುವುದಿಲ್ಲ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಬದುಕು ಸಾಕು ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಅವಳು ಶಾಲೆಗೆ ಹೋಗಲು ಶುರು ಮಾಡಲು ಮತ್ತೆ ಹತ್ತು ದಿನ ಹಿಡಿಯಿತು. ಮೊದಲ ವಾರ ಮಧ್ಯಾಹ್ನ ಒಮ್ಮೆ ಮನೆಗೆ ಬಂದು ನೋಡಿ ಹೋಗಲು ಶಿಕ್ಷಕಿ ಬಿಟ್ಟರು. ಅದು ದೊಡ್ಡ ಉಪಕಾರ.

2024ರ ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಇಬ್ಬರೂ ಬಂದಿದ್ದರು. ಎರೆ ಮಣ್ಣಿನಲ್ಲಿ ಮಾಡಿ ಪೂಜೆಗಿಟ್ಟ ಜೋಡೆತ್ತಿನ ಫೋಟೋ ತೋರಿಸಿದಳು. ಈ ಸಲ ಪೂರ್ತಿ ಎತ್ತು, ಬಾಲದವರೆಗೂ. ಒಂದರ ಎಡಗೋಡು ಗಿಡ್ಡ. ಅಪ್ಪ ಬಗ್ಗಿ ನೋಡಿ, "ಮುಕ್ಕಾಗಿದ್ದು ಬಲಗೋಡಲ್ಲೇನ ಯವ್ವಾ?" ಅಂದರು. "ಎಡದ್ದಪ್ಪಾ" ಎಂದು ಅವಳು ಹಳೆಯ ಫೋಟೋ ಹುಡುಕತೊಡಗಿದಳು.