ಸುದ್ದಿಯಲ್ಲಿ ಬಳಸುವ ರೂಪಕಗಳು ನಮ್ಮ ರಾಜಕೀಯ ಅಭಿಪ್ರಾಯವನ್ನು ನಿಜವಾಗಿಯೂ ಬದಲಿಸುತ್ತವೆಯೇ?

ಬದಲಿಸಬಲ್ಲವು, ಸಮಸ್ಯೆಗೆ ಇಟ್ಟ ಹೆಸರಿನೊಳಗೇ ಎಷ್ಟೋ ಸಲ ಪರಿಹಾರದ ದಿಕ್ಕೂ ಅಡಗಿರುತ್ತದೆ. ಮುಂಬಯಿಯಲ್ಲಿ ಮರಾಠಿ ಪತ್ರಿಕೆ ಓದುವ ನಮ್ಮಂಥ ಕನ್ನಡಿಗರಿಗೆ ‘ಪರಪ್ರಾಂತೀಯರ ಲೋಂಢೆ’ ಎಂಬ ಮಾತು ಹೊಸದಲ್ಲ. ಲೋಂಢಾ ಎಂದರೆ ನುಗ್ಗಿ ಬರುವ ನೀರು. ದುಡಿಮೆ ಅರಸಿ ರೈಲಿನಿಂದ ಇಳಿದವರನ್ನು ನೆರೆನೀರೆಂದು ಕರೆದ ಮೇಲೆ ಅವರ ಹೆಸರು, ಕಸುಬು, ಬಾಡಿಗೆಯ ಖೋಲಿ ಯಾವುದೂ ಕಣ್ಣಿಗೆ ಬೀಳದೆ, ಒಡ್ಡು ಹಾಕಿ ತಡೆಯುವುದೊಂದೇ ಸಹಜ ನೀತಿಯಾಗಿ ತೋರುತ್ತದೆ. 1960ರ ದಶಕದಲ್ಲಿ ಇದೇ ನಗರದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯನ್ನು ನೆನೆದರೆ, ಕನ್ನಡ ಪತ್ರಿಕೆಯೇ ‘ವಲಸಿಗರ ಪ್ರವಾಹ’ ಎಂದು ಬರೆದಾಗಲೂ ನಾವು ಅದನ್ನು ಹಗುರವಾಗಿ ಓದಲಾರೆವು.

ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಪಾಲ್ ತಿಬೊಡೊ ಮತ್ತು ಲೆರಾ ಬೊರೊಡಿಟ್‌ಸ್ಕಿ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಾಧವನ್ನು ಊರಿನ ಮೇಲೆರಗಿದ ಮೃಗವೆಂದು ಓದಿದವರು ಪೊಲೀಸು, ಜೈಲುಗಳ ಕಡೆಗೆ ಹೆಚ್ಚು ವಾಲಿದರೆ, ವೈರಸ್ ಎಂದು ಓದಿದವರಲ್ಲಿ ಮೂಲಕಾರಣ ಹುಡುಕಿ ಸಮಾಜವನ್ನು ಸುಧಾರಿಸುವ ಒಲವು ಹೆಚ್ಚಿತ್ತು. ಬಹುತೇಕರು ತಮ್ಮ ತೀರ್ಮಾನಕ್ಕೆ ಆ ಬರಹದಲ್ಲಿದ್ದ ಅಪರಾಧದ ಅಂಕಿಅಂಶಗಳೇ ಕಾರಣವೆಂದರು; ರೂಪಕವನ್ನು ಹೆಸರಿಸಲಿಲ್ಲ. 2014ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರಿಗೆ ಇಂಥದೇ ಪರೀಕ್ಷೆಯಲ್ಲಿ ಆ ಪರಿಣಾಮ ಕಾಣಲಿಲ್ಲ. ಆದ್ದರಿಂದ, ಒಮ್ಮೆ ಓದಿದ ಪದಕ್ಕಿಂತ ವರ್ಷಗಟ್ಟಲೆ ಮರುಕಳಿಸುವ ಪದವೇ ಹೆಚ್ಚು ಆಳಕ್ಕಿಳಿಯುತ್ತದೆ ಎಂದು ನಾನು ಭಾವಿಸುತ್ತೇನೆ.