ಜೆಪಿಜಿ ಫೋಟೊ ಜೆಎಫ್‌ಐಎಫ್ ಆಗುತ್ತದೆ, ಪಿಡಿಎಫ್ ರಸೀದಿ ಎಎಸ್‌ಪಿಎಕ್ಸ್ ಆಗುತ್ತದೆ. ರೀನೇಮ್ ಮಾಡಿದರೆ ಸಾಕಾ?

ನಿಮ್ಮ ತಕರಾರು ಇಷ್ಟು: ಕ್ರೋಮ್‌ನಲ್ಲಿ ಫೋಟೊ ಸೇವ್ ಮಾಡಿದರೆ ಒಮ್ಮೆ .ಜೆಎಫ್‌ಐಎಫ್, ಇನ್ನೊಮ್ಮೆ .ವೆಬ್‌ಪಿ ಅಂತ ಬರುತ್ತದೆ. ಯಾವುದೋ ಪೋರ್ಟಲ್‌ನಿಂದ ಇಳಿಸಿಕೊಂಡ ರಸೀದಿ .ಎಎಸ್‌ಪಿಎಕ್ಸ್ ಆಗಿ ಕೂತಿದೆ. ರೀನೇಮ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಸಾಲದು, ಮೂರನೆಯದನ್ನು ಒಳಗೇನಿದೆ ನೋಡಿಯೇ ಹೇಳಬೇಕು.

ವೆಬ್ ವಿಳಾಸದ ಕೊನೆಯಲ್ಲಿ ಕಾಣುವ .ಜೆಪಿಜಿ, .ಪಿಎಚ್‌ಪಿ ಇವನ್ನು ಬ್ರೌಸರ್ ಅಷ್ಟಾಗಿ ನಂಬುವುದಿಲ್ಲ. ಸರ್ವರ್ ಫೈಲ್ ಕಳಿಸುವ ಮುಂಚೆ ಕೆಲವು ಸಾಲು ಹೆಡರ್ ಕಳಿಸುತ್ತದೆ. ಅದರಲ್ಲಿ ಕಂಟೆಂಟ್-ಟೈಪ್ ಅನ್ನುವ ಸಾಲು 'ಇದು ಜೆಪೆಗ್ ಚಿತ್ರ' (ಜೆಪಿಜಿ ಅಂದರೂ ಇದೇ), 'ಇದು ಎಚ್‌ಟಿಎಂಎಲ್ ಪುಟ' ಅಂತ ಹೇಳುತ್ತದೆ. ಬ್ರೌಸರ್ ಕೇಳುವುದು ಆ ಮಾತನ್ನು. .ಪಿಎಚ್‌ಪಿ ಅಂತ ಮುಗಿಯುವ ಪುಟವನ್ನು ಕಂಟ್ರೋಲ್-ಎಸ್ ಒತ್ತಿ ಉಳಿಸಿದರೂ ಅದು .ಎಚ್‌ಟಿಎಂಎಲ್ ಆಗುವುದು ಇದಕ್ಕೇ. ಪಿಎಚ್‌ಪಿ ಕೋಡ್ ಸರ್ವರ್‌ನಲ್ಲೇ ಓಡಿ ಮುಗಿದಿರುತ್ತದೆ, ನಿಮಗೆ ಸಿಗುವುದು ಬರೀ ಎಚ್‌ಟಿಎಂಎಲ್.

ಈಗ ಜೆಎಫ್‌ಐಎಫ್ ವಿಷಯ. ಇದರಲ್ಲಿ ತಪ್ಪು ಬ್ರೌಸರಿನದೂ ಅಲ್ಲ, ಸೈಟಿನದೂ ಅಲ್ಲ. ಎಷ್ಟೋ ಸೈಟುಗಳಲ್ಲಿ ಚಿತ್ರದ ವಿಳಾಸಕ್ಕೆ ಎಕ್ಸ್‌ಟೆನ್ಷನ್ನೇ, ಅಂದರೆ ಕೊನೆಯಲ್ಲಿ .ಜೆಪಿಜಿ ಥರದ ಬಾಲವೇ ಇರುವುದಿಲ್ಲ, ಪ್ರಶ್ನೆ ಚಿಹ್ನೆ ಹಾಕಿ ಒಂದಿಷ್ಟು ಅಕ್ಷರ ಇರುತ್ತವೆ ಅಷ್ಟೆ. ಸರ್ವರ್ 'ಜೆಪೆಗ್' ಅಂದಿದೆ, ಹೆಸರಿಗೆ ಬಾಲ ಇಲ್ಲ. ಆಗ ಕ್ರೋಮ್ 'ಜೆಪೆಗ್‌ಗೆ ಏನು ಹಾಕಲಿ?' ಅಂತ ವಿಂಡೋಸನ್ನು ಕೇಳುತ್ತದೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಅಂದರೆ ಅದು ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗದಲ್ಲಿ, ಅದಕ್ಕೊಂದು ಪಟ್ಟಿ ಇದೆ. ಕೆಲವು ಕಂಪ್ಯೂಟರುಗಳಲ್ಲಿ ಆ ಪಟ್ಟಿಯಲ್ಲಿ ಜೆಪೆಗ್ ಎದುರು .ಜೆಎಫ್‌ಐಎಫ್ ಅಂತ ಬರೆದಿರುತ್ತದೆ. ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲಿ ಅದೇ ಫೋಟೊ .ಜೆಪಿಜಿ ಆಗಿಯೇ ಸೇವ್ ಆದರೆ ಆಶ್ಚರ್ಯ ಪಡಬೇಡಿ.

ಸರಿ ಮಾಡುವುದು ಸುಲಭ. ರಿಜಿಸ್ಟ್ರಿ ಎಡಿಟರ್ ತೆರೆದು ಎಚ್‌ಕೀ ಕ್ಲಾಸಸ್ ರೂಟ್, ಮೈಮ್, ಡೇಟಾಬೇಸ್, ಕಂಟೆಂಟ್ ಟೈಪ್, ಹೀಗೆ ಒಂದೊಂದಾಗಿ ಒಳಗೆ ಹೋಗಿ. ಅಲ್ಲಿ ಇಮೇಜ್/ಜೆಪೆಗ್ ಸಿಗುತ್ತದೆ. ಅದರ ಬಲಗಡೆ ಎಕ್ಸ್‌ಟೆನ್ಷನ್ ಅನ್ನುವ ಹೆಸರಿನ ಮುಂದೆ .ಜೆಎಫ್‌ಐಎಫ್ ಇದ್ದರೆ .ಜೆಪಿಜಿ ಅಂತ ಬದಲಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ. ರಿಜಿಸ್ಟ್ರಿಯಲ್ಲಿ ಬೇರೆ ಏನನ್ನೂ ಸುಮ್ನೆ ಮುಟ್ಟಬೇಡಿ. ಈಗಾಗಲೇ ಸೇವ್ ಆಗಿರುವ ಫೋಟೊಗಳನ್ನು ಧೈರ್ಯವಾಗಿ ರೀನೇಮ್ ಮಾಡಿ. ಜೆಎಫ್‌ಐಎಫ್ ಅಂದರೆ ಜೆಪೆಗ್ ಚಿತ್ರವನ್ನು ಫೈಲಿನಲ್ಲಿ ಜೋಡಿಸಿಡುವ ಒಂದು ಕ್ರಮ, 1990ರ ದಶಕದ ಶುರುವಿನದು. ಒಳಗಿರುವುದು ಜೆಪೆಗ್ಗೇ.

ವೆಬ್‌ಪಿ ಕತೆ ಬೇರೆ. 2010ರಲ್ಲಿ ಗೂಗಲ್ ತಂದ ಈ ಬಗೆಯ ಚಿತ್ರ ಸಾಮಾನ್ಯವಾಗಿ ಜೆಪೆಗ್‌ಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಬ್ರೌಸರ್ ಚಿತ್ರ ಕೇಳುವಾಗಲೇ 'ನನಗೆ ವೆಬ್‌ಪಿ ಬರುತ್ತದೆ' ಅಂತ ಹೇಳಿರುತ್ತದೆ. ಹಾಗಾಗಿ ವಿಳಾಸದಲ್ಲಿ .ಜೆಪಿಜಿ ಅಂತಿದ್ದರೂ ಸರ್ವರ್ ವೆಬ್‌ಪಿಯನ್ನೇ ಕಳಿಸುತ್ತದೆ, ಹೆಡರ್‌ನಲ್ಲಿ ನಿಜ ಹೇಳುತ್ತದೆ. ಕ್ರೋಮ್ ವಿಳಾಸದಲ್ಲಿದ್ದ ಬಾಲ ತೆಗೆದು ನಿಜವಾದದ್ದನ್ನು ಹಾಕುತ್ತದೆ. ಎಲ್ಲರೂ ಬೈಯುವುದು ಕ್ರೋಮನ್ನೇ, ಆದರೆ ಅದು ಇಲ್ಲಿ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಇದನ್ನು ರೀನೇಮ್ ಮಾಡಿದರೆ ಹೆಸರು ಮಾತ್ರ ಬದಲಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಂಡರೂ ತೆರೆದುಕೊಳ್ಳಬಹುದು, ಯಾಕೆಂದರೆ ಎಷ್ಟೋ ಆ್ಯಪ್‌ಗಳು ಹೆಸರು ಬಿಟ್ಟು ಒಳಗಿರುವುದನ್ನು ನೋಡುತ್ತವೆ. ಆದರೆ ಅರ್ಜಿ ಜೊತೆ ಅಪ್‌ಲೋಡ್ ಮಾಡಲು ಹೋದಾಗ ತಿರಸ್ಕಾರ ಆಗಬಹುದು. ವಿಂಡೋಸ್ 11ರ ಪೇಂಟ್‌ನಲ್ಲಿ ತೆರೆದು, ಸೇವ್ ಆ್ಯಸ್‌ನಲ್ಲಿ ಜೆಪೆಗ್ ಆರಿಸಿ. ಅದು ನಿಜವಾದ ಪರಿವರ್ತನೆ.

ಕೊನೆಗೆ ಆ ರಸೀದಿ. ಫೈಲನ್ನು ಯಾವ ಹೆಸರಲ್ಲಿ ಉಳಿಸಬೇಕು ಅಂತ ಹೇಳಲು ಇನ್ನೊಂದು ಹೆಡರ್ ಇದೆ, ಕಂಟೆಂಟ್-ಡಿಸ್ಪೊಸಿಷನ್. ಪೋರ್ಟಲ್ ಮಾಡಿದವರು ಅದನ್ನು ಹಾಕದೆ, ಟೈಪ್ ಜಾಗದಲ್ಲೂ ಆಕ್ಟೆಟ್-ಸ್ಟ್ರೀಮ್, ಅಂದರೆ 'ಏನೋ ಒಂದಿಷ್ಟು ಬೈಟುಗಳು' ಅಂತ ಬರೆದು ಕೈತೊಳೆದುಕೊಂಡರೆ ಬ್ರೌಸರ್ ಪಾಪ ಏನು ಮಾಡೀತು? ವಿಳಾಸದಲ್ಲಿದ್ದ ಹೆಸರನ್ನೇ ಇಟ್ಟುಬಿಡುತ್ತದೆ. .ಎಎಸ್‌ಪಿಎಕ್ಸ್ ಅನ್ನುವುದು .ಪಿಎಚ್‌ಪಿ ಥರವೇ ಸರ್ವರ್‌ನಲ್ಲಿ ಓಡುವ ಪುಟದ ಬಾಲ. ಇದು ಪೂರಾ ಅವರ ಸೋಮಾರಿತನ. ಅಂಥದ್ದೇ ಇನ್ನೊಂದು ಚಾಳಿ: ಎಚ್‌ಟಿಎಂಎಲ್ ಟೇಬಲ್ಲಿಗೆ .ಎಕ್ಸ್‌ಎಲ್‌ಎಸ್ ಅಂತ ಹೆಸರಿಟ್ಟು ಕೊಡುವುದು. ಎಕ್ಸೆಲ್ ಅದನ್ನು ತೆರೆಯುವಾಗ ಎಕ್ಸ್‌ಟೆನ್ಷನ್ ಹೊಂದುತ್ತಿಲ್ಲ ಅಂತ ಎಚ್ಚರಿಕೆ ಕೊಡುತ್ತದಲ್ವಾ, ಅದು ಇದರಿಂದಲೇ.

ನಿಮ್ಮ ಎಎಸ್‌ಪಿಎಕ್ಸ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲು ಮಾತ್ರ ನೋಡಿ, ಏನೂ ಬದಲಿಸದೆ ಮುಚ್ಚಿ. ಶೇಕಡಾ ಗುರುತು ಆದ ಕೂಡಲೇ ಪಿಡಿಎಫ್ (%PDF) ಅಂತಿದ್ದರೆ .ಪಿಡಿಎಫ್ ಅಂತ ರೀನೇಮ್ ಮಾಡಿ, ತೆರೆದುಕೊಳ್ಳುತ್ತದೆ. ಪಿ, ಕೆ ಅನ್ನುವ ಎರಡು ಅಕ್ಷರ ಇದ್ದರೆ ಅದು ಜಿಪ್. ವರ್ಡ್, ಎಕ್ಸೆಲ್‌ಗಳ ಈಗಿನ ಫೈಲುಗಳೂ ಒಳಗಿಂದ ಜಿಪ್ಪೇ. ಮೊದಲಿಗೇ ಡಾಕ್‌ಟೈಪ್ ಎಚ್‌ಟಿಎಂಎಲ್ ಅಂತ ಕಂಡರೆ ನಿಮಗೆ ಸಿಕ್ಕಿರುವುದು ರಸೀದಿಯಲ್ಲ, ಒಂದು ವೆಬ್ ಪುಟ. ಬಹುತೇಕ ಲಾಗಿನ್ ಅವಧಿ ಮುಗಿದು ಪೋರ್ಟಲ್ ತನ್ನ ಲಾಗಿನ್ ಪುಟವನ್ನೇ ಕಳಿಸಿರುತ್ತದೆ. ಅದಕ್ಕೆ ಯಾವ ಬಾಲ ಅಂಟಿಸಿದರೂ ಪ್ರಯೋಜನವಿಲ್ಲ. ಮತ್ತೆ ಲಾಗಿನ್ ಆಗಿ ಹೊಸದಾಗಿ ಇಳಿಸಿಕೊಳ್ಳಿ.