ಶಕ್ತಿ ಉಳಿದರೂ ಅಲೆ ಏಕೆ ಅಡಗುತ್ತದೆ?

ಪ್ರಶ್ನೆ: ಗಡಿಯಿಲ್ಲದ ಪ್ರದೇಶದಲ್ಲಿ ತರಂಗ ಸಮೀಕರಣದ (ಅಲೆಗಳ ಚಲನೆಯನ್ನು ವಿವರಿಸುವ ಸಮೀಕರಣ) ಪರಿಹಾರ ಕಾಲ ಕಳೆದಂತೆ ಸೊನ್ನೆಗೆ ಇಳಿಯುತ್ತದೆ ಎಂದು ಓದಿದೆ. ಘರ್ಷಣೆಯಿಲ್ಲದ ಈ ಸಮೀಕರಣದಲ್ಲಿ ಒಟ್ಟು ಶಕ್ತಿ ಬದಲಾಗದು ಎಂದೂ ಪಾಠದಲ್ಲಿದೆ. ಎರಡೂ ಹೇಗೆ ನಿಜ? ನಡುವೆ ಒಂದು ತಡೆಯಿದ್ದರೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ನಿಜ. ಶಕ್ತಿ ಸಾಯುವುದಿಲ್ಲ, ಊರು ಬಿಟ್ಟು ಹೋಗುತ್ತದೆ. ಇಳಿಯುವುದು ನೀವು ನಿಂತ ಜಾಗದ ಸುತ್ತಲಿನ ಶಕ್ತಿ ಮಾತ್ರ. ಅದನ್ನು ಸ್ಥಳೀಯ ಶಕ್ತಿ ಎನ್ನುತ್ತೇವೆ.

ಗೋಡೆ, ಗುಡ್ಡ ಯಾವುದೂ ಇಲ್ಲದ ಕಡೆ ಒಮ್ಮೆ ಚಪ್ಪಾಳೆ ತಟ್ಟಿದಿರಿ ಎನ್ನಿ. 340 ಮೀಟರ್ ಆಚೆ ನಿಂತವರಿಗೆ ಅದು ಸುಮಾರು ಒಂದು ಸೆಕೆಂಡಿಗೆ ಕೇಳುತ್ತದೆ, ಮರುಕ್ಷಣ ಮೌನ. ಮೂರು ಆಯಾಮಗಳಲ್ಲಿ ಅಲೆ ತೆಳುವಾದ ಗೋಳದಂತೆ ಹಿಗ್ಗುತ್ತದೆ. ಅದರ ಎತ್ತರ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ, ಹಿಂದೆ ಉಳಿಯುವುದು ನಿಖರವಾದ ಸೊನ್ನೆ. ಇದೇ ಹೈಗೆನ್ಸ್ ತತ್ವ.

ಎರಡು ಆಯಾಮಗಳಲ್ಲಿ ಹಾಗಲ್ಲ. ಕೊನೆಯಿಲ್ಲದ ಒಂದು ಸಾಲಿನಲ್ಲಿ ಜನ ನಿಂತು ಒಂದೇ ಕ್ಷಣಕ್ಕೆ ಚಪ್ಪಾಳೆ ತಟ್ಟಿದರು ಎಂದುಕೊಳ್ಳಿ. ಎದುರಿಗಿರುವವನ ಸದ್ದು ಮೊದಲು ಬರುತ್ತದೆ, ಆಮೇಲೆ ಅಕ್ಕಪಕ್ಕದವರದು, ಆಮೇಲೆ ಇನ್ನೂ ದೂರದವರದು. ಕ್ಷೀಣಿಸುತ್ತಾ ಹೋದರೂ ಅದು ಪೂರ್ತಿ ನಿಲ್ಲುವುದೇ ಇಲ್ಲ. ಸಾಲಿನುದ್ದಕ್ಕೂ ಎಲ್ಲ ಒಂದೇ ತೆರನಾದ್ದರಿಂದ ಇದು ಎರಡು ಆಯಾಮದ ಲೆಕ್ಕವೇ. ಎರಡು ಆಯಾಮದ ಅಲೆಗೆ ಬಾಲ ಇರುವುದು ಹೀಗೆ. (ಕೆರೆಗೆ ಕಲ್ಲೆಸೆದು ಇದನ್ನು ಪರೀಕ್ಷಿಸಬೇಡಿ, ನೀರಿನ ಅಲೆಗಳಲ್ಲಿ ಉದ್ದನೆಯದರ ವೇಗ ಬೇರೆ, ಚಿಕ್ಕದರ ವೇಗ ಬೇರೆ. ಅವು ಈ ಸಮೀಕರಣಕ್ಕೆ ಬಗ್ಗುವುದಿಲ್ಲ.)

ಇನ್ನು ತಡೆಯ ಮಾತು. ನನಗೆ ಅತ್ಯಂತ ಪ್ರಿಯವಾದ ಭಾಗವಿದು. 1961ರಲ್ಲಿ ಗಣಿತಜ್ಞೆ ಕ್ಯಾಥ್ಲೀನ್ ಮೊರಾವೆಟ್ಜ್ ನಕ್ಷತ್ರಾಕಾರದ ತಡೆಯನ್ನು ತೆಗೆದುಕೊಂಡರು. ಅಂದರೆ, ಒಳಗಿನ ಒಂದು ಬಿಂದುವಿನಲ್ಲಿ ನಿಂತರೆ ಮೇಲ್ಮೈಯೆಲ್ಲ ನೇರ ಕಾಣಬೇಕು. ಮೇಲ್ಮೈಯಲ್ಲಿ ಅಲೆಯ ಬೆಲೆ ಸೊನ್ನೆ. ಅವರ ಉಪಾಯದ ತಿರುಳು, ಸಮೀಕರಣವನ್ನು ಪರಿಹಾರದ ತ್ರಿಜ್ಯ ದಿಕ್ಕಿನ ಅವಕಲನದಿಂದ ಗುಣಿಸಿ ಅನುಕಲಿಸುವುದು. ಆಗ ಮೇಲ್ಮೈಯಲ್ಲಿ ಉಳಿಯುವ ಪದಕ್ಕೆ ಒಂದೇ ಚಿಹ್ನೆ. ಆ ಚಿಹ್ನೆಯನ್ನು ನಿರ್ಧರಿಸುವುದು ನಕ್ಷತ್ರಾಕಾರವೇ, ಹಾಗಾಗಿ ಆ ಪದ ಇಳಿಕೆಯ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. 1963ರಲ್ಲಿ ಗಣಿತಜ್ಞರಾದ ಲ್ಯಾಕ್ಸ್, ಫಿಲಿಪ್ಸ್ ಜೊತೆಗೂಡಿ, ಮೂರು ಆಯಾಮಗಳಲ್ಲಿ ಸ್ಥಳೀಯ ಶಕ್ತಿ ಘಾತೀಯವಾಗಿ (ಸಮಾನ ಅವಧಿಗಳಲ್ಲಿ ಒಂದೇ ಪಾಲಿನಷ್ಟು) ಇಳಿಯುತ್ತದೆಂದು ತೋರಿಸಿದರು. ಒಂದು ಸಂಜೆ ಕೂತು ಆ ಗುಣಾಕಾರವನ್ನು ಕೈಯಾರೆ ಮಾಡಿ ನೋಡಿ.

ಎದುರುಬದುರು ಎರಡು ತಡೆಗಳಿದ್ದರೆ ಕಿರಣ, ಅಂದರೆ ಅಲೆ ಸಾಗುವ ದಾರಿ, ಅವುಗಳ ನಡುವೆ ಪುಟಿಯುತ್ತಾ ಸಿಕ್ಕಿಬೀಳಬಹುದು. ಹಾಗೆ ಸಿಕ್ಕಿಬಿದ್ದ ಕಿರಣವಿದ್ದರೆ ಎಲ್ಲ ಅಲೆಗಳಿಗೂ ಒಪ್ಪುವ ಒಂದೇ ಇಳಿಕೆ ದರ ಸಾಧ್ಯವಿಲ್ಲವೆಂದು 1969ರಲ್ಲಿ ರಾಲ್ಸ್ಟನ್ ಸಾಧಿಸಿದರು. ಆದರೂ ಆರಂಭದ ಅಲೆ ಸಾಕಷ್ಟು ನಯವಾಗಿದ್ದರೆ, ನಯವಾದ ಮೇಲ್ಮೈಯ ಯಾವುದೇ ತಡೆಯಿದ್ದರೂ ಲಾಗರಿತಮ್‌ನ ನಿಧಾನಗತಿಯಲ್ಲಾದರೂ ಶಕ್ತಿ ಹೊರಟೇ ಹೋಗುತ್ತದೆ. ಇದು 1998ರ ಬುರ್ಕ್ ಫಲಿತಾಂಶ.

ಕಪ್ಪುಕುಳಿಯ ಬಳಿ ಇದೆಲ್ಲ ಒಟ್ಟಿಗೇ ಕಾಣುತ್ತದೆ. ತಿರುಗದ ಕಪ್ಪುಕುಳಿಯ ಕ್ಷಿತಿಜದ (ಬೆಳಕೂ ಹೊರಬರಲಾಗದ ಗಡಿ) ಒಂದೂವರೆ ಪಟ್ಟು ತ್ರಿಜ್ಯದಲ್ಲಿ ಬೆಳಕು ಸುತ್ತು ಹಾಕಬಲ್ಲದು, ಆದರೆ ಆ ಪಥ ಅಸ್ಥಿರ, ಅಲೆ ಸೋರುತ್ತದೆ. ಮುಂದೆ ಬೆಂಗಳೂರಿನ ನೆಹರು ತಾರಾಲಯದ ಮೊದಲ ನಿರ್ದೇಶಕರಾದ, ಅದೇ ಊರಿನ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ ಲೆಕ್ಕದ ಮೂಲಕ ಕಪ್ಪುಕುಳಿಯ ಮೇಲೆ ಅಲೆಯ ಪೊಟ್ಟಣಗಳನ್ನು, ಅಂದರೆ ಅಲೆಯ ಚಿಕ್ಕ ತುಣುಕುಗಳನ್ನು, ಹರಿಸಿದರು. ಪೊಟ್ಟಣ ಸಾಕಷ್ಟು ಕಿರಿದಾದಾಗ ಮರಳಿ ಬಂದ ಅಲೆ, ಬಡಿದ ಗಂಟೆಯಂತೆ ಮಿಡಿದು ಘಾತೀಯವಾಗಿ ಅಡಗಿತು. ಆ ಮಿಡಿತ ಅಡಗಿದ ಮೇಲೂ ಬಾಗಿದ ದೇಶಕಾಲದಿಂದ ಚದುರಿದ ತೆಳುವಾದ ಬಾಲ ಉಳಿಯುತ್ತದೆಂದು ಭೌತವಿಜ್ಞಾನಿ ಪ್ರೈಸ್ 1972ರಲ್ಲಿ ಕಂಡುಕೊಂಡರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳ ಶೋಧಕವಾದ ಲೈಗೋ ಹಿಡಿದ ಸಂಕೇತದ ತುದಿಯಲ್ಲಿರುವುದು ವಿಶ್ವೇಶ್ವರ ಅವರು ಕಂಡ ಬಗೆಯ ಮಿಡಿತವೇ.